ಗ್ಯಾಸ್ ಒಲೆಯ ಮೇಲಿನ ಕೊಬ್ಬರಿ

ಇದು ಎಂಬತ್ತಮೂರರಲ್ಲೋ ಎಂಬತ್ತನಾಲ್ಕರಲ್ಲೋ ನಡೆದದ್ದು. ಟಿ.ವಿ. ಬೇಡವೆಂದು ತೀರ್ಮಾನಿಸಿದ್ದು ನಾನೊಬ್ಬನೇ ಎಂದು ಹೆಂಡತಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ಇಬ್ಬರೂ ಕೂತು ಮಾಡಿದ ತೀರ್ಮಾನ. ನನ್ನ ನೆನಪು ಸಾಮಾನ್ಯವಾಗಿ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ಅವಳ ಮಾತೇ ನಿಜವಿರಬಹುದು.

ಆಗ ತುಮಕೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಸಂಬಳದ ಅರಿಯರ್ಸ್ ಒಟ್ಟಿಗೆ ಕೈಗೆ ಬಂದಿತ್ತು. ಹೆಂಡತಿ ಭಾನುವಾರದ ಸಿನಿಮಾ ನೋಡುತ್ತಿದ್ದದ್ದು ಪಕ್ಕದಲ್ಲೇ ಇದ್ದ ಮನೆ ಓನರ್ ಅವರ ಹಾಲ್‌ನಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ ನೆಲದ ಮೇಲೆ ಕೂತು. ಇನ್ನು ಅಲ್ಲಿಗೆ ಹೋಗುವುದಿಲ್ಲ, ಸೆಕೆಂಡ್‌ಹ್ಯಾಂಡ್ ಆದರೂ ಸರಿ, ನಮ್ಮದೇ ಒಂದು ಟಿ.ವಿ. ಇರಲಿ ಎಂದಳು. ಟಿ.ವಿ. ದಿನೇದಿನೇ ಹಳೆಯದಾಗುತ್ತದೆ, ತೆಂಗಿನಕಾಯಿ ದಿನೇದಿನೇ ಕೊಬ್ಬರಿಯಾಗುತ್ತದೆ ಎಂದು ನಾನು ವಿವರಿಸಿದೆ. ಈ ದುಡ್ಡಿಗೆ ಕಾಯಿ ಕೊಂಡು ಅಟ್ಟದ ಮೇಲಿಟ್ಟು ಒಂದು ವರ್ಷ ತಾಳಿದರೆ, ಕೊಬ್ಬರಿ ಮಾರಿದ ಲಾಭದಲ್ಲೇ ಟಿ.ವಿ. ಬರುತ್ತದೆ, ಅಸಲು ಹಾಗೇ ಉಳಿಯುತ್ತದೆ.

ಗುಬ್ಬಿ ತಾಲೂಕಿನ ಕಡಬದಲ್ಲಿ ಅತ್ತೆ ಒಬ್ಬರೇ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು. ಕಾಯಿ ಪುಕ್ಕಟೆ ಕೊಡುತ್ತೇನೆಂದರೂ ಕೇಳದೆ ದುಡ್ಡು ಕೊಟ್ಟೆ. ಹೂಡಿಕೆಯೆಂದರೆ ಹೂಡಿಕೆ.

"ಅಳಿಯಂದ್ರೇ, ಅಟ್ಟದ ಕೆಳಗೆ ಸೌದೆ ಒಲೆ ಉರೀಬೇಕು," ಎಂದರು ಅತ್ತೆ. "ನಿಮ್ಮನೇಲಿ ಗ್ಯಾಸು. ಹೊಗೆ ಬಡೀದಿದ್ರೆ ಕಾಯಿ ಒಣಗಾಕಿಲ್ಲ."

"ಹೊಗೆಯಲ್ಲ ಅತ್ತೆ, ಬೇಕಾಗಿರೋದು ಕಾಲ."

"ಓದಿರೋರು. ನಮಗೇನ್ ಗೊತ್ತು ಬುಡಿ," ಎಂದು ವ್ಯಾನಿಗೆ ಕಾಯಿ ತುಂಬಿಸಿದರು.

ನಾನು ಕುಣಿಗಲ್ ಕಡೆಯವನು, ಹುತ್ರಿದುರ್ಗದ ಕೆಳಗಿನ ರಾಗಿ ಹೊಲಗಳಲ್ಲಿ ಬೆಳೆದವನು. ತೆಂಗಿನ ಬಗ್ಗೆ ನನಗಿದ್ದದ್ದು ಚಟ್ನಿಯಷ್ಟೇ ತಿಳಿವಳಿಕೆ. ಆದರೂ ಪ್ರತಿ ಭಾನುವಾರ ಏಣಿ ಹತ್ತಿ, ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಒಣಗಿದ್ದರೆ ಒಳಗೆ ಕೊಬ್ಬರಿ ಗಡಗಡ ಎನ್ನಬೇಕು. ನನ್ನವು ತಿಂಗಳುಗಟ್ಟಲೆ ಗುಳುಗುಳು ಎಂದವು. ಆ ಹೊತ್ತಿಗೆ ಹೆಂಡತಿ ಪಕ್ಕದ ಮನೆಯಲ್ಲಿ, ಚಪ್ಪಲಿಗಳ ನಡುವೆ, ಸಿನಿಮಾ ನೋಡುತ್ತಿದ್ದಳು.

ಮಳೆಗಾಲದಲ್ಲಿ ಹೆಂಚು ಸೋರಿತು. ಸ್ವಲ್ಪ ದಿನ ಬಿಟ್ಟು ಅಟ್ಟದ ಮೇಲಿಂದ ಹೆಂಡತಿಯ ದನಿ ಕೇಳಿಸಿತು.

"ರೀ, ಬನ್ನಿ ಇಲ್ಲಿ. ನಿಮ್ಮ ಹೂಡಿಕೆ ಮೊಳಕೆ ಬಂದಿದೆ."

ಅರ್ಧ ಕೊಳೆತಿದ್ದವು. ಉಳಿದವು ಹಸಿರು ಕೊಂಬು ಚಾಚಿ ನಿಂತಿದ್ದವು. ವಾಸನೆ ಹಿಡಿದು ಬಂದ ಓನರ್ ಏಣಿಯ ಬುಡದಲ್ಲೇ ನಿಂತರು. "ಏನ್ ಮೇಷ್ಟ್ರೇ, ನಾನು ಬಾಡಿಗೆಗೆ ಕೊಟ್ಟಿದ್ದು ಮನೆ. ಮೇಲೆ ತೋಟ ಮಾಡ್ಕೊಂಡಿದೀರಲ್ಲ, ಅದರ ಗುತ್ತಿಗೆ ಬೇರೆ ಕೊಡ್ಬೇಕಾಗ್ತದೆ!"

ಹೆಂಡತಿ ನಗಲಿಲ್ಲ. "ನೀವು ಸುಮ್ನೆ ಕಾಲೇಜಿಗೆ ಹೋಗಿ. ಸಸಿಗೆ ಗಿರಾಕಿ ನಾನು ಹುಡುಕ್ತೀನಿ," ಎಂದಳು.

ಎರಡು ದಿನದಲ್ಲಿ ಅಟ್ಟ ಖಾಲಿಯಾಯಿತು. ಅದೇ ವಾರ ಮನೆಗೆ ಸೆಕೆಂಡ್‌ಹ್ಯಾಂಡ್ ಟಿ.ವಿ. ಬಂತು.

"ಸಸಿ ಯಾರು ತಗೊಂಡ್ರು?"

"ಗುಬ್ಬಿ ಕಡೆಯೋರು. ಒಳ್ಳೇ ರೇಟು ಕೊಟ್ರು."

ಜಾಣ ಹೂಡಿಕೆದಾರ ಅಗತ್ಯ ಬಿದ್ದರೆ ನಡುದಾರಿಯಲ್ಲೇ ಸರಕು ಬದಲಿಸುತ್ತಾನೆ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿದೆ. ತರಗತಿಯಲ್ಲೂ ಹೇಳಿದೆನೆಂದು ಕಾಣುತ್ತದೆ. ಹೇಳಿರದಿದ್ದರೆ ಒಳ್ಳೆಯದು.

ಆ ಒಳ್ಳೇ ರೇಟು ಮಾತ್ರ ನನ್ನನ್ನು ಬಿಡಲಿಲ್ಲ. ಸೊರಗಿದ ಸಸಿಗೆ ಅಷ್ಟು ಕೊಡುವವರು ಯಾರು? ಎರಡು ವರ್ಷದ ಮೇಲೆ ಕಡಬಕ್ಕೆ ಹೋದಾಗ ಅತ್ತೆಯನ್ನೇ ಕೇಳಿದೆ. "ಟಿ.ವಿ. ಚೆನ್ನಾಗ್ ಬರ್ತೈತಾ?" ಎಂದು ಅವರು ಕಾಫಿ ತರಲು ಒಳಗೆ ಹೋದರು. ಅದನ್ನು ಉತ್ತರವೆಂದು ಒಪ್ಪಲಾರದೆ ತೋಟಕ್ಕೆ ನಡೆದು, ನೀರು ಕಟ್ಟುತ್ತಿದ್ದ ಆಳನ್ನು ವಿಚಾರಿಸಿದೆ. ಬಾವಿಯ ಪಕ್ಕದ ಎಳೆಯ ಗಿಡಗಳ ಸಾಲು ತುಮಕೂರಿನಿಂದ ವ್ಯಾನಿನಲ್ಲಿ ಬಂದದ್ದು, ಇಳಿಸಿದವನು ತಾನೇ, ಸಸಿಗೆ ದುಡ್ಡು ಕೊಟ್ಟವರು ತೋಟದ ಅಮ್ಮಾವ್ರೇ ಎಂದು ಅವನು ಹೇಳಿದ.