ಉಪ್ಪಿಲ್ಲದ ಗದ್ದೆ ಮತ್ತು ಎರಡನೆಯ ಫೈಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಒಂದು ಬಾಡಿಗೆ ರೂಮಿನಲ್ಲಿದ್ದೆ. ಎಂ.ಎ. ಮುಗಿದಿತ್ತು. ಅರಕಲಗೂಡು ಕಡೆಯ ಹೊಲಗದ್ದೆಗಳಿಗೆ ಜನ ಇಟ್ಟುಕೊಂಡ ಹೆಸರುಗಳನ್ನೂ ಅವು ಬಂದ ಕಥೆಗಳನ್ನೂ ಸಂಗ್ರಹಿಸುವ ಕೆಲಸ ಸಿಕ್ಕಿತ್ತು. ಒಂದು ದಿನ ಬಸ್ಸು ಹತ್ತಿ ಹಳ್ಳಿಗೆ ಹೋಗಿ ಯಾರದಾದರೂ ಜಗಲಿಯಲ್ಲಿ ಕೂತು ಕೇಳುವುದು, ಮಾರನೆಯ ದಿನ ಒಂದು ಕಾಲೇಜಿನ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು. ವಾರಗಟ್ಟಲೆ ನಾನೇ ಎಲ್ಲರನ್ನೂ ಕೇಳುತ್ತಿದ್ದೆ. ನನ್ನನ್ನು ಏನಾದರೂ ಕೇಳುತ್ತಿದ್ದವನೆಂದರೆ, "ಊಟ ಆಯ್ತಾ ಸಾ?" ಅನ್ನುತ್ತಿದ್ದ ಮೆಸ್ಸಿನವನೊಬ್ಬ. ಇದು ಪೂರ್ತಿ ನಿಜವೋ, ಈಗ ಹಾಗನ್ನಿಸುತ್ತಿದೆಯೋ ಗೊತ್ತಿಲ್ಲ.

ಟೈಪ್ ಮಾಡಿದ್ದೆಲ್ಲ ಸೇರುತ್ತಿದ್ದ ಟೇಬಲ್ ಪರದೆಯ ಮೇಲೆ ಹಾಜರಿ ಪುಸ್ತಕದ ಹಾಗೆ ಕಾಣುತ್ತಿತ್ತು. ಸಾಲಿಗೊಂದು ಗದ್ದೆ. ಊರು, ಹೆಸರು, ಇತ್ಯಾದಿ. ಕಥೆಯ ಕಾಲಂನಲ್ಲಿ ಮಾತ್ರ ಎಲ್ಲ ಸಾಲಿಗೂ 'ಮೆಮೊ' ಎಂಬ ಒಂದೇ ಪದ. ಅದನ್ನು ತೆರೆದರೆ ನಾನು ಬರೆದದ್ದೆಲ್ಲ ಬರುತ್ತಿತ್ತು. ಕಥೆ ಆ ಸಾಲಿನೊಳಗೇ ಇದೆ, ಟೇಬಲ್ ಅಂದರೆ ಒಂದು ಫೈಲು, ಎಂದುಕೊಂಡಿದ್ದೆ.

ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸುತ್ತೇವೆ, ನಿಮ್ಮದನ್ನು ತೆಗೆದುಕೊಳ್ಳಿ ಎಂದು ಕಾಲೇಜಿನವರು ಹೇಳಿದರು. ಟೇಬಲ್ಲಿನ ಹೆಸರಿದ್ದ ಫೈಲನ್ನು ಫ್ಲಾಪಿಗೆ ಹಾಕಿಕೊಂಡೆ. ಅದೇ ಹೆಸರಿನ, ಕೊನೆಯ ಮೂರಕ್ಷರ ಮಾತ್ರ ಬೇರೆಯಾದ ಇನ್ನೊಂದು ಫೈಲು ಪಕ್ಕದಲ್ಲೇ ಇತ್ತು. ಯಂತ್ರ ತನಗೆ ಬೇಕಾಗಿ ಏನೋ ಮಾಡಿಕೊಂಡಿದೆ ಎಂದು ಬಿಟ್ಟೆ. ಹಳ್ಳಿಗಳಲ್ಲಿ ಬರೆದುಕೊಂಡು, ಟೈಪ್ ಮಾಡಿ ಮುಗಿಸಿದ್ದ ನೋಟ್‌ಬುಕ್ಕುಗಳು ಆಗಲೇ ರದ್ದಿಗೆ ಹೋಗಿದ್ದವು.

ಹದಿನೈದು ದಿನದ ಮೇಲೆ ಹಾಸನದ ಕಂಪ್ಯೂಟರ್ ಸೆಂಟರಿನಲ್ಲಿ ಫ್ಲಾಪಿ ಕೊಟ್ಟರೆ ಟೇಬಲ್ ತೆರೆಯಲಿಲ್ಲ.

"ಇನ್ನೊಂದು ಫೈಲ್ ಎಲ್ಲಿ ಸಾ?" ಅಂದ ಅಲ್ಲಿದ್ದಾತ. "ಇದ್ರಲ್ಲಿ ಕಥೆ ಇರಲ್ಲ. ಕಥೆ ಇರೋದು ಆ ಇನ್ನೊಂದ್ರಲ್ಲಿ. ಅದನ್ನ ಎಲ್ಲಿಂದ ಓದ್ಬೇಕು ಅನ್ನೋ ನಂಬರ್ ಇದ್ರಲ್ಲಿರುತ್ತೆ, ಅಷ್ಟೆ. ಮದ್ವೆ ಕಾಗ್ದ ತಂದಿದೀರ ಸಾ, ಛತ್ರ ಬಿಟ್ ಬಂದಿದೀರ!"

ಫೈಲನ್ನು ಇನ್ನೊಂದು ರೀತಿಯಲ್ಲಿ ತೆರೆದು, ಡಿಸ್ಕಿನ ಮೇಲೆ ಅದು ಇರುವ ಹಾಗೆಯೇ ತೋರಿಸಿದ. ಗೆರೆಯಿಲ್ಲ, ಚೌಕವಿಲ್ಲ, ಒಂದೇ ಉದ್ದದ ಸಾಲುಗಳು ಒಂದರ ಬೆನ್ನಿಗೊಂದು. ಗದ್ದೆಯ ಹೆಸರಿಗೆ ಮೂವತ್ತು ಅಕ್ಷರದ ಜಾಗ. ಹೆಸರು ಚಿಕ್ಕದಾದರೆ ಮಿಕ್ಕಷ್ಟು ಖಾಲಿ. ಆ ಖಾಲಿಯನ್ನೂ ಡಿಸ್ಕು ಎಣಿಸಿ ಇಟ್ಟುಕೊಂಡಿತ್ತು. ಕಥೆ ಇರಬೇಕಾದ ಕಡೆ ಬರೀ ಒಂದು ನಂಬರು. ಹೊಳೆನರಸೀಪುರಕ್ಕೆ ಓಡಿದೆ. ಅಲ್ಲಿ ಎಲ್ಲ ಅಳಿಸಿಯಾಗಿತ್ತು.

ಬೇರೆಯವರ ಕಥೆಗಳನ್ನು ಮತ್ತೆ ಕೇಳಿ ಬರೆಯಬಹುದಿತ್ತು. ಅರಕಲಗೂಡಿನ ಆಚೆ ಒಂದು ಹಳ್ಳಿಯ ಅಜ್ಜಿ ತಡೆತಡೆದು ಹೇಳಿದ್ದನ್ನು ಮತ್ತೆ ಹೇಗೆ ಕೇಳಲಿ? ಅವರ ಗದ್ದೆಗೆ ಉಪ್ಪಿಲ್ಲದ ಗದ್ದೆ ಎಂದು ಹೆಸರು. ಮದುವೆಯಾದ ವರ್ಷ, ನಾಟಿಯ ದಿನ, ಈಕೆ ಹೊತ್ತುಕೊಂಡು ಹೋದ ಸಾರಿಗೆ ಉಪ್ಪು ಹಾಕಿರಲಿಲ್ಲ. ಆಳುಗಳೆಲ್ಲ ನಕ್ಕರು. ಗಂಡ ಏನು ಮಾಡಿದರು? ಸಾರನ್ನು ಬದುವಿಗೆ ಚೆಲ್ಲಿ ಎದ್ದರೋ, ಮಾತಾಡದೆ ಉಂಡರೋ? ಎರಡೂ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು, ಅಜ್ಜಿ ಹೇಳಿದ್ದು ಯಾವುದೆಂದು ಮಾತ್ರ ನೆನಪಿರಲಿಲ್ಲ. ನಾನು ದಿನಚರಿ ಬರೆಯುವವನು. ತೆಗೆದು ನೋಡಿದರೆ ಆ ದಿನದ ಪುಟದಲ್ಲಿ, 'ಬಸ್ಸು ತಡ. ಅಜ್ಜಿಯ ಮನೆಯಲ್ಲಿ ಊಟ.' ಅಷ್ಟೆ. ಕಂಪ್ಯೂಟರಿನಲ್ಲಿ ಇರುತ್ತದಲ್ಲ ಎಂದು ಬರೆದಿರಲಿಲ್ಲ.

ಹೋದೆ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇನ್ನೊಂದು ಸಲ ಹೇಳುತ್ತೀರಾ ಎಂದೆ.

"ಯಾಕಪ್ಪಾ? ಅವತ್ತು ಅಷ್ಟೊತ್ತು ಕುಂತ್ಕಂಡು ಬರ್ಕಂಡ್ಯಲ್ಲ, ರಂಗೋಲಿ ಬುಡ್ತಿದ್ಯಾ?"

ಕಳೆದುಕೊಂಡೆ ಅಂದೆ. ಅದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅಜ್ಜಿ ಬೈಯಲಿಲ್ಲ. "ಅದು ಎಲ್ಡು ಸಲ ಹೇಳೋ ಮಾತಲ್ಲ ಕಣಪ್ಪ. ನನ್ ಸೊಸೆಗೇ ಹೇಳಿಲ್ಲ. ನೀ ಎಂಗೆ ಬರ್ಕಂಡಿದ್ದೆ? ಹೇಳು, ಕೇಳಾನ."

ಹೇಳಿದೆ. ನಾಟಿ, ಸಾರು, ಆಳುಗಳ ನಗು. ಅಲ್ಲಿಗೆ ಬಂದು ತಡವರಿಸಿದೆ. "ಯಜಮಾನ್ರು ಏನೂ ಅನ್ನಲಿಲ್ಲ. ಸುಮ್ಮನೆ ಉಂಡು, ಇನ್ನೊಂದು ಮುದ್ದೆ ಹಾಕು ಅಂದ್ರು."

ಸುಲಿಯುತ್ತಿದ್ದ ಕೈ ನಿಂತಿತು.

"ಅಂಗಂದಿದ್ನಾ ನಾನು?"

"ಹೂಂ ಅಜ್ಜಿ."

ಅವರು ಬೀದಿಯ ಕಡೆ ನೋಡಿದರು. ಗಂಡ ತೀರಿಕೊಂಡು ಎಷ್ಟು ವರ್ಷವಾಗಿತ್ತೋ, ನಾನು ಕೇಳಿರಲೇ ಇಲ್ಲ.

"ಅಂಗೇ ಇರ್ಲಿ ಬುಡು. ಅಂಗೇ ಬರ್ಕೋ," ಅಂದು ಇನ್ನೊಂದು ಕಾಯಿ ತೆಗೆದುಕೊಂಡರು.

ಸರಿಯಾಗಿದ್ದದ್ದಕ್ಕೆ ಹಾಗಂದರೋ, ತಪ್ಪಾಗಿದ್ದದ್ದಕ್ಕೆ ಹಾಗಂದರೋ? ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಮರುದಿನ ಹಾಸನಕ್ಕೆ ಹೋಗಿ, ಸೆಂಟರಿನಾತ ಖಾಲಿ ಎರಡನೆಯ ಫೈಲು ಕೂಡಿಸಿ ತೆರೆದುಕೊಟ್ಟ ಟೇಬಲ್ಲಿನಲ್ಲಿ, ಅಜ್ಜಿಗೆ ಹೇಳಿದಷ್ಟನ್ನೇ ಟೈಪ್ ಮಾಡಿದೆ. 'ಹೇಳಿದವರು' ಎಂಬ ಕಾಲಂನಲ್ಲಿ ಅಜ್ಜಿಯ ಹೆಸರಿತ್ತು. ಅದನ್ನು ಅಳಿಸಿ ನನ್ನ ಹೆಸರು ಹಾಕಿದೆ.