ಆನೆಗೆ ಮುದ್ದೆ ಕಟ್ಟಿದವಳು ರಾಜಕುಮಾರಿಯಲ್ಲ

ಹಂಪಿ ಪಕ್ಕದ ಕಡ್ಡಿರಾಂಪುರದ ಗೈಡ್ ಮುದುಕಪ್ಪನ ಮಗಳು ಭರಮಮ್ಮನಿಗೆ ಪುಸ್ತಕ ಕೊಡುವವಳು ನಾನು, ಲಲಿತಾ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಹಳೇ ಪುಸ್ತಕದ ಅಂಗಡಿ ಇದೆ. ಪಠ್ಯಪುಸ್ತಕ, ಪೆನ್ನು, ಪ್ರಶ್ನೆಪತ್ರಿಕೆ ಮಾರಿ ಹೊಟ್ಟೆ ಹೊರೆಯುತ್ತೇನೆ, ಕಥೆ ಕಾದಂಬರಿಗಳನ್ನು ಹಟಕ್ಕೆ ಇಟ್ಟುಕೊಂಡಿದ್ದೇನೆ. ಈ ಹುಡುಗಿಯ ವಿಷಯ ಬರೆಯಿರಿ ಎಂದು ಯಾರೂ ನನ್ನನ್ನು ಕೇಳಿಲ್ಲ. ಆದರೆ ಆ ಸಭೆ ಆದಾಗಿನಿಂದ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಬರೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಹೆಸರು ಅಜ್ಜಿಯದು. ಹದಿನೇಳರ ಹುಡುಗಿಗೆ ಈಗ ಭರಮಮ್ಮ ಅಂತ ಯಾರು ಇಡುತ್ತಾರೆ? ಮುದುಕಪ್ಪನ ತಾಯಿ ತೀರಿಕೊಂಡ ವರ್ಷ ಹುಟ್ಟಿದಳು, ಇಟ್ಟರು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಹಿಂದಿನ ಬೆಂಚು ಕಿಸಕ್ಕೆನ್ನುತ್ತದಂತೆ. "ನಗಲಿ ಬಿಡ್ರಿ ಅಕ್ಕಾ. ಅವರ ಹೆಸರು ಕ್ಲಾಸಿನ್ಯಾಗ ನಾಕ್ ನಾಕ್ ಮಂದಿಗೆ ಅದಾವ, ನಂದು ನನಗೊಬ್ಬಾಕಿಗೇ ಐತಿ" ಎನ್ನುತ್ತಾಳೆ. ಅಂಥ ಬಾಯಿ.

ನನ್ನ ಅಂಗಡಿಗೆ ಮೊದಲು ಬಂದಾಗ ಇನ್ನೂ ಹೈಸ್ಕೂಲು. ಹಂಪಿಯ ಹೋಟೆಲುಗಳಲ್ಲಿ ಪ್ರವಾಸಿಗಳು ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿ ತಂದು ನನ್ನ ಮುಂದೆ ಸುರಿದು, "ಇವನ್ನ ಇಟ್ಕೊಂಡು ಕನ್ನಡದ್ದು ಕೊಡ್ರಿ" ಎಂದಳು. ಅಂದಿನಿಂದ ನಮ್ಮ ವ್ಯವಹಾರ ಹಾಗೇ, ಎರಡು ಕೊಟ್ಟು ಒಂದು ಒಯ್ಯುತ್ತಾಳೆ. ಆಮೇಲಾಮೇಲೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನವನ್ನೂ ಓದತೊಡಗಿದಳು. ಮಾಂತ್ರಿಕರು, ಡ್ರ್ಯಾಗನ್‌ಗಳು, ಎಲ್ಲೂ ಇಲ್ಲದ ರಾಜ್ಯಗಳು ಒಂದು ಕಡೆ, ವಿಜಯನಗರದ ರಾಜರಾಣಿಯರು ಇನ್ನೊಂದು ಕಡೆ. ಓದಿದ್ದನ್ನು ತೆಪ್ಪಗೆ ವಾಪಸ್ಸು ಕೊಡುವ ಪೈಕಿಯಲ್ಲ. ಕೌಂಟರಿಗೆ ಒರಗಿ ನಿಂತು ಮನಸಾರೆ ಬೈದು, ಆಮೇಲೆ ಕೊಡುತ್ತಾಳೆ.

"ಅಕ್ಕಾ, ಇದ್ರಾಗ ಪುಸ್ತಕದ ತುಂಬಾ ಯುದ್ಧ ನಡಿತೈತಿ, ಒಬ್ಬರೂ ಉಣ್ಣಂಗಿಲ್ಲ. ಅಷ್ಟು ಮಂದಿಗೆ ಅಡಿಗಿ ಯಾರ್ ಮಾಡ್ತಾರ?"

ಇದು ಅವಳ ಮೊದಲ ಪರೀಕ್ಷೆ. ಅಡಿಗೆ ಮಾಡುವವರು ಕಾಣಿಸದ ಪುಸ್ತಕ ಅಲ್ಲೇ ಫೇಲು. ಎರಡನೆಯದು ಮಚ್ಚೆಯದು. "ಹೀರೋಗೆ ಹುಟ್ಟಿದಾಗ್ಲೇ ತೋಳ ಮ್ಯಾಲ ಒಂದು ಮಚ್ಚಿ. ಅದಕ್ಕ ಅವ ದೊಡ್ಡಾವ ಆಗ್ತಾನ. ಮಚ್ಚಿ ಇಲ್ಲದವ್ರು ಏನ್ ಮಾಡ್ಬೇಕ್ರಿ, ಚಪ್ಪಾಳಿ ತಟ್ಕೋತ ಕುಂದ್ರಬೇಕಾ?"

ಇಷ್ಟು ಬೈದರೂ ಮಾಯಾಲೋಕದ ಪುಸ್ತಕಗಳ ಮೇಲೆ ಅವಳಿಗೆ ಪ್ರೀತಿ. "ಇವು ಮೊದಲ ಪುಟದಾಗ ನಕಾಶಿ ಬರದು, ಇಂಥ ಊರು ಎಲ್ಲೂ ಇಲ್ಲ ಅಂತ ಮಕಕ್ಕ ಹೇಳ್ತಾವ. ಸುಳ್ಳಾದ್ರೂ ನಿಯತ್ತಿನ ಸುಳ್ಳು." ಐತಿಹಾಸಿಕ ಕಾದಂಬರಿ ಅಂದರೆ ಮೂಗಿನ ತುದಿಗೇ ಸಿಟ್ಟು. "ನಮ್ಮ ಬಿಸಲು ಇವರಿಗೆ ಗೊತ್ತಿಲ್ಲಾ? ನಡು ಏಪ್ರಿಲ್‌ನಾಗ ರಾಣಿ ರೇಷ್ಮಿ ಸೀರಿ ಉಟ್ಕೊಂಡು, ಮೈತುಂಬಾ ಬಂಗಾರ ಹೇರ್ಕೊಂಡು ಕುದುರಿ ಓಡಸ್ತಾಳ, ಒಂದ್ ಹನಿ ಬೆವರಂಗಿಲ್ಲ. ಬಜಾರದಾಗ ಮುತ್ತು ರತ್ನ ಸೇರಿನಾಗ ಅಳಿತಾರ. ಸಂಜಿಗೆ ಆ ಬಜಾರ ಕಸ ಯಾರ್ ಹೊಡಿತಾರ? ಯುದ್ಧಕ್ಕ ಬಂದ ಆ ಕಡಿಯವ್ರಿಗೆ ಹೆಸರೂ ಇಲ್ಲ, ಎಲ್ಲಾರಿಗೂ ಕೆಂಪ್ ಕಣ್ಣು. ಒಬ್ಬನರ ಹೊಟ್ಟಿಪಾಡಿಗೆ ಬಂದಿರಂಗಿಲ್ಲಾ?"

ನನಗೆ ನಕ್ಕು ನಕ್ಕು ಸಾಕಾಗುತ್ತಿತ್ತು. ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಒಬ್ಬ ಮೇಷ್ಟ್ರಂತೂ, "ಇಂಥಾ ಪುಸ್ತಕ ಕೊಟ್ಟು ಹುಡುಗಿ ತಲಿ ಕೆಡಸಬ್ಯಾಡ್ರಿ" ಎಂದು ನನಗೇ ಬುದ್ಧಿ ಹೇಳಿದರು. ನಿಮ್ಮ ನೋಟ್ಸು ಓದಿ ಯಾರ ತಲೆ ನೆಟ್ಟಗಾಗಿದೆ ಸ್ವಾಮಿ ಎಂದು ಕೇಳಿದೆ. ಆಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ, ಪೀಡೆ ತೊಲಗಿತು.

ಅಪ್ಪ ಮುದುಕಪ್ಪ ಒಳ್ಳೆಯ ಮನುಷ್ಯ, ಆದರೆ ಸಪ್ಪೆ ಗೈಡ್. ಇಸವಿಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದ, ಪ್ರವಾಸಿಗಳು ಆಕಳಿಸುತ್ತಿದ್ದರು. ಅವನ ಜೊತೆಯ ಗೈಡುಗಳೆಲ್ಲ ಸುತ್ತಾಟದ ಕೊನೆಯ ಕಲ್ಲಿನ ಹತ್ತಿರ ಒಂದು ಕಥೆ ಹೇಳಿ ಮುಗಿಸುವುದು ರೂಢಿ. ಜನ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಬೇಕು. ಮುದುಕಪ್ಪನ ಕೊನೆಯ ಕಲ್ಲು ದಾರಿ ಬದಿಯ ಒಂದು ಒಡೆದ ಬಾನಿ, ಕಲ್ಲಿನ ತೊಟ್ಟಿ. ಅದಕ್ಕೆ ಕಥೆಯೇ ಇರಲಿಲ್ಲ. ಮಗಳು ಅಪ್ಪನಿಗೊಂದು ಕಥೆ ಕಟ್ಟಿಕೊಟ್ಟಳು.

ಅರಮನೆಯ ಆನೆಗಳಿಗೆ ಜೋಳದ ಮುದ್ದೆ ಕಟ್ಟುವ ಒಬ್ಬ ಹೆಂಗಸು. ಪಟ್ಟಣ ಬಿದ್ದ ದಿನ ಇದ್ದಬದ್ದದ್ದನ್ನೆಲ್ಲ ಆನೆಗಳ ಮೇಲೆ ಹೇರಿಕೊಂಡು ದೊಡ್ಡವರು ಓಡಿದರು. ಕುಂಟುವ ಒಂದು ಮುದಿ ಆನೆಯನ್ನು ಬಿಟ್ಟುಹೋದರು. ವೈರಿಯ ಸಿಪಾಯಿ ಒಳಗೆ ನುಗ್ಗಿದಾಗ ಈಕೆ ಬಾನಿಯಲ್ಲಿ ಹಿಟ್ಟು ನಾದುತ್ತಿದ್ದಾಳೆ. ಎಲ್ಲರೂ ಓಡಿದರು, ನೀನ್ಯಾಕೆ ಓಡಲಿಲ್ಲ ಎಂದು ಅವನು ಕೇಳಿದರೆ, "ಇದಕ್ಕ ಹಸಿವಾಗಿತ್ತು" ಎನ್ನುತ್ತಾಳೆ. ಅಷ್ಟೇ ಕಥೆ. ನನ್ನ ಅಂಗಡಿಯಲ್ಲೇ ನಿಂತು ಮೊದಲ ಸಲ ಹೇಳಿದಳು. ಹೆಸರು ಏನಿಡಲಿ ಅಂದಳು. ನಾನು ಚೆಂದದ ಎರಡು ಹೆಸರು ಹೇಳಿದೆ. "ಥೂ, ಅವು ರಾಣಿಯರ ಹೆಸರು" ಎಂದು ತಳ್ಳಿಹಾಕಿ ಹುಲಿಗೆವ್ವ ಎಂದು ಇಟ್ಟಳು.

ಮುದುಕಪ್ಪನ ದೆಸೆ ತಿರುಗಿತು. ಬಾನಿಯ ಮುಂದೆ ಹೆಂಗಸರು ಕಣ್ಣೊರೆಸಿಕೊಂಡರು. ನೋಡನೋಡುತ್ತ ಬೇರೆ ಗೈಡುಗಳೂ ಅದೇ ಕಥೆ ಹೇಳತೊಡಗಿದರು. ಹುಡುಗಿಗೆ ಹಿಗ್ಗೋ ಹಿಗ್ಗು. "ಅಕ್ಕಾ, ಇವತ್ತು ಹುಲಿಗೆವ್ವ ಹಿಂದಿ ಮಾತಾಡಿದ್ಲು!" ಎಂದು ಓಡಿ ಬರುತ್ತಿದ್ದಳು.

ಆಗ ಬಂದರು ಈಶ್ವರ್ ಎಂಬ ಕಾದಂಬರಿಕಾರರು. ಕಥೆ ಕೇಳಿ ಮರುಳಾಗಿ, ಇದಕ್ಕೆ ಆಧಾರವೇನು ಎಂದು ಮುದುಕಪ್ಪನನ್ನು ಕೇಳಿದರು. ಆಧಾರ ಕೇಳಿದರೆ ತೀರಿಹೋದ ತಾಯಿಯನ್ನೋ ಅಜ್ಜಿಯನ್ನೋ ಮುಂದೆ ಮಾಡುವುದು ಈ ಗೈಡುಗಳ ಚಾಳಿ. ಸತ್ತವರಿಗೆ ಯಾರೂ ಅಡ್ಡಪ್ರಶ್ನೆ ಹಾಕುವುದಿಲ್ಲವಲ್ಲ. "ನಮ್ಮವ್ವ ಹೇಳ್ತಿದ್ಲರಿ" ಎಂದುಬಿಟ್ಟ ಪುಣ್ಯಾತ್ಮ.

ವರ್ಷ ಕಳೆಯುವುದರಲ್ಲಿ ಅವರ ದಪ್ಪ ಕಾದಂಬರಿ ನನ್ನ ಅಂಗಡಿಗೆ ಬಂತು. ಹಂಪಿಯ ಜನಪದರು ತಲೆತಲಾಂತರದಿಂದ ಹೇಳುತ್ತ ಬಂದ ಕಥೆಯಂತೆ, ಮುನ್ನುಡಿಯಲ್ಲಿ ಹಾಗೆ ಬರೆದುಕೊಂಡಿದ್ದರು. ಭರಮಮ್ಮ, ನಮ್ಮ ಭರಮಿ, ನಿಂತಲ್ಲೇ ಓದಲು ಶುರುಮಾಡಿದಳು. ಮೊದಲು ಖುಷಿ. ಆಮೇಲೆ ಮುಖ ಗಂಟು. ಹುಲಿಗೆವ್ವ ಹತ್ತು ಪುಟ ಮುದ್ದೆ ಕಟ್ಟಿದಳು. ಆಮೇಲೆ ನೋಡಿದರೆ ಅವಳ ಭುಜದ ಮೇಲೊಂದು ಮಚ್ಚೆ! ಮುದ್ದೆ ಕಟ್ಟುವವಳಲ್ಲ, ವೇಷ ಮರೆಸಿಕೊಂಡ ರಾಜಕುಮಾರಿ. ದಂಡನಾಯಕನ ಮೇಲೆ ಮೋಹ. ಕೊನೆಗೆ ಆ ಕುಂಟ ಆನೆಯೇ ಅವಳನ್ನು ಅಂಬಾರಿಯಲ್ಲಿ ಹೊತ್ತು ಓಡುತ್ತದೆ. ಪುಸ್ತಕ ಹಾರಿಹೋಗಿ ನನ್ನ ಪೆನ್ನಿನ ಡಬ್ಬಿಗೆ ಬಡಿಯಿತು, ಪೆನ್ನುಗಳೆಲ್ಲ ನೆಲಕ್ಕೆ ಬಿದ್ದವು.

"ಕದ್ರೂ ಕದೀಲಿ ಅಕ್ಕಾ, ಅಕಿ ಕೈ ಯಾಕ ತೊಳದ್ರು? ಹಿಟ್ಟಿನ ಕೈ ಇತ್ತು ಅಕೀದು. ಮೆತ್ತನ ಕೈ ಅಂತ ಬರದಾರ ನೋಡ್ರಿ, ಮೆತ್ತನ ಕೈ!" ಎಂದು ಅತ್ತಳು. ಆ ಹುಡುಗಿ ಅತ್ತದ್ದನ್ನು ನಾನು ಅವತ್ತೇ ನೋಡಿದ್ದು.

ಹೊಸಪೇಟೆಯಲ್ಲಿ ಆ ಪುಸ್ತಕದ ಮೇಲೆ ಸಭೆ ಏರ್ಪಾಡಾಯಿತು. ಕಥೆ ಹೇಳಿದವನೆಂದು ಮುದುಕಪ್ಪನಿಗೆ ಸನ್ಮಾನ. ಚೆನ್ನಾಗಿ ಓದುವ ಎಳೆಯರೊಬ್ಬರು ಮಾತಾಡಬೇಕು ಎಂದು ಸಭೆ ನಡೆಸುವ ಸಾಹಿತ್ಯ ಸಂಘದವರು ನನ್ನ ಹತ್ತಿರ ಬಂದರು, ನಾನು ಭರಮಿಯ ಹೆಸರು ಕೊಟ್ಟೆ. ಆದರೆ ತೊಡಕೊಂದಿತ್ತು. ಆಧಾರವಿಲ್ಲದ ಕಥೆ ಕಟ್ಟಿ ಹೇಳುವ ಗೈಡುಗಳ ಲೈಸೆನ್ಸ್ ಕಾರ್ಡು ರದ್ದು ಮಾಡುತ್ತೇವೆಂದು ಅದೇ ತಿಂಗಳು ಸರ್ಕಾರದಿಂದ ಎಚ್ಚರಿಕೆ ಬಂದಿತ್ತು. ಕಥೆ ತನ್ನದೆಂದು ಅವಳೇ ಹೇಳಿದರೆ ಅಪ್ಪನ ಕಾರ್ಡಿಗೆ ಕುತ್ತು, ಹೇಳದಿದ್ದರೆ ಹುಲಿಗೆವ್ವ ಇನ್ನೆಂದೂ ಅವಳವಳಲ್ಲ. ನನ್ನ ಅಂಗಡಿಯಲ್ಲೇ ಅಪ್ಪನನ್ನು ಕೂರಿಸಿಕೊಂಡು ಕೇಳಿದಳು.

"ಯಪ್ಪಾ, ನೀನೇ ಹೇಳು. ನನ್ನ ಮಗಳು ಕಟ್ಟಿದ್ದು, ನಾ ತಿಳೀದ ನಮ್ಮವ್ವಂದು ಅಂದೆ ಅಂತ ಒಂದ್ ಮಾತು. ನೀನಾಗೇ ತಪ್ಪು ಒಪ್ಕೊಂಡ್ರ ಕಾರ್ಡ್ ಕಸಗೊಳ್ಳಂಗಿಲ್ಲ. ನಂಗ ಬ್ಯಾರೆ ಏನೂ ಬ್ಯಾಡ."

ಮುದುಕಪ್ಪ ಅಂಗೈ ತಿಕ್ಕಿಕೊಳ್ಳುತ್ತ, "ಆತು ಬಿಡವ್ವ, ನಾನೇ ಹೇಳ್ತೀನಿ" ಎಂದ. ನನ್ನ ಕಿವಿಯಾರೆ ಕೇಳಿದ್ದೇನೆ.

ಸಭೆಯಲ್ಲಿ ಮೊದಲು ಶಾಲು, ಹಾರ, ಹಣ್ಣಿನ ಬುಟ್ಟಿ. ಮುದುಕಪ್ಪ ವೇದಿಕೆಯ ಮೇಲೆ ಮದುಮಗನ ಹಾಗೆ ಮೈ ಹಿಡಿ ಮಾಡಿಕೊಂಡು ಕೂತಿದ್ದ. ಮುಂದಿನ ಸಾಲಿನ ತುಂಬಾ ಹಂಪಿಯ ಗೈಡುಗಳು. ಭರಮಿ ಮೈಕಿಗೆ ಬಂದಳು. ಅಡಿಗೆ ಮಾಡುವವರ ಮಾತು ಹೇಳಿದಳು, ಬೆವರದ ರಾಣಿಯರ ಮಾತು ಹೇಳಿದಳು, ಜನ ನಕ್ಕರು. "ಮುದ್ದಿ ಕಟ್ಟಾಕಿ ಧೈರ್ಯ ತೋರಿಸಿದ್ರ ನಂಬಾಕ ಆಗಂಗಿಲ್ಲೇನ್ರಿ ನಿಮಗ? ಧೈರ್ಯ ಬಂತಂದ್ರ ಅಕಿ ರಾಜನ ಮಗಳೇ ಇರಬೇಕಾ?" ಎಂದಾಗ ನಗು ನಿಂತಿತು.

ವೇದಿಕೆಯ ಮೇಲಿದ್ದ ಈಶ್ವರ್ ಸರ್ ಮುಗುಳ್ನಕ್ಕರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. "ಮಗು, ಜನಪದ ಕಥೆ ಹೀಗೇ ಬದಲಾಗುತ್ತ ಹೋಗುತ್ತದೆ. ಅದಕ್ಕೆ ಇಂಥವರೇ ಒಡೆಯರು ಅಂತಿಲ್ಲ" ಎಂದರು.

"ಐತ್ರಿ. ನಮ್ಮಪ್ಪನ್ನ ಕೇಳ್ರಿ" ಎಂದು ಭರಮಿ ಮೈಕನ್ನು ಅಪ್ಪನ ಕೈಗೆ ಕೊಟ್ಟಳು.

ಮುದುಕಪ್ಪ ಎದ್ದು ನಿಂತ. ಮುಂದಿನ ಸಾಲು ನೋಡಿದ. ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. ಮಗಳ ಕಡೆ ಮಾತ್ರ ನೋಡಲಿಲ್ಲ. "ಇದು ಹಳೇ ಕಥಿರಿ. ನಮ್ಮವ್ವ ಹೇಳ್ತಿದ್ಲು. ಈ ಹುಡುಗಿ ಸಣ್ಣಾಕಿ ಇದ್ದಾಗಿಂದ ಕೇಳಿ ಕೇಳಿ, ತನ್ನದೇ ಅನ್ಕೊಂಡ್ಬಿಟ್ಟಾಳ. ಪುಸ್ತಕ ಭಾಳ ಓದ್ತಾಳ ನೋಡ್ರಿ" ಎಂದ.

ಸಭೆಗೆ ಸಭೆಯೇ ನಕ್ಕಿತು. ಅಯ್ಯೋ, ಎಷ್ಟು ಪ್ರೀತಿಯಿಂದ ನಕ್ಕರು ಅನ್ನುತ್ತೀರಿ! ಪಾಪ, ಮುದ್ದು ಹುಡುಗಿ ಅನ್ನುವ ನಗು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಹಿಂದಿನಿಂದ ಎದ್ದು ನಿಂತು, "ಸುಳ್ಳು! ಅಕಿ ಕಟ್ಟಿದ್ದು, ನಾ ಸಾಕ್ಷಿ ಅದೀನಿ!" ಎಂದು ಕೂಗಿದೆ. "ಅಕ್ಕಾರ, ಕುಂದ್ರಿ ಕುಂದ್ರಿ, ಚಹಾ ಬಂತು" ಎಂದರು ಸಂಘದ ಕಾರ್ಯದರ್ಶಿ ಪ್ರವೀಣ. ಎಲ್ಲರೂ ಚಹಾದ ಕಡೆ ಎದ್ದರು. ಭರಮಿ ವೇದಿಕೆ ಇಳಿದು ನನ್ನ ಪಕ್ಕದಿಂದಲೇ ಹಾದು, ಬಿಸಿಲಿಗೆ ಹೋದಳು.

ಹಲವು ವಾರ ಅಪ್ಪ ಮಗಳು ಮಾತಾಡಲಿಲ್ಲ. ಹುಡುಗಿ ಅಂಗಡಿಗೆ ಬರುತ್ತಿದ್ದಳು, ಯಾವ ಪುಸ್ತಕವನ್ನೂ ಬೈಯುತ್ತಿರಲಿಲ್ಲ. ಕೊಟ್ಟದ್ದನ್ನು ಒಯ್ದು ವಾಪಸ್ಸು ತಂದಿಡುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಹೋದ ಶನಿವಾರ ಮುದುಕಪ್ಪನೇ ಅಂಗಡಿಗೆ ಬಂದ. ಭರಮಿ ಕಪಾಟಿನ ಹತ್ತಿರ ನಿಂತಿದ್ದಳು. ಅವನ ಮುಖ ಬಾಡಿತ್ತು. ಈಗ ಬರುವ ಪ್ರವಾಸಿಗಳು ಆ ಕಾದಂಬರಿಯನ್ನು ಕೈಯಲ್ಲೇ ಹಿಡಿದು ಬರುತ್ತಾರಂತೆ. ಇವನು ಮುದ್ದೆ, ಹಸಿವು ಎಂದು ಶುರುಮಾಡಿದರೆ, ನಿನಗೆ ಸರಿಯಾಗಿ ಗೊತ್ತಿಲ್ಲ, ಅವಳು ರಾಜಕುಮಾರಿ, ಅಂಬಾರಿ ಎಲ್ಲಿ, ದಂಡನಾಯಕ ಎಲ್ಲಿ ಎಂದು ಇವನನ್ನೇ ತಿದ್ದುತ್ತಾರಂತೆ. ಎಲ್ಲ ಗೈಡುಗಳೂ ಪುಸ್ತಕದ ಹಾಗೆಯೇ ಬದಲಾಯಿಸಿಕೊಂಡಿದ್ದಾರಂತೆ. ಇವನ ಬಾಯಿಗೆ ಅದು ಕೂರುತ್ತಿಲ್ಲ.

"ಬ್ಯಾರೆ ಒಂದು ಕಥಿ ಕಟ್ಟಿಕೊಡವ್ವ" ಎಂದ. "ಆ ಬಾನಿ ಬಿಟ್ಟಬಿಡ್ತೀನಿ. ಬ್ಯಾರೆ ಕಲ್ಲು ನೋಡೀನಿ. ಯಾರೂ ಮುಟ್ಟದಂಥಾದ್ದು ಒಂದು ಮಾಡಿಕೊಡು."

ಭರಮಿ ತಿರುಗಲೂ ಇಲ್ಲ, ಕಪಾಟಿನ ಪುಸ್ತಕಗಳನ್ನೇ ಜೋಡಿಸುತ್ತಿದ್ದಳು.

"ಮಾತಾಡ ಭರಮಿ. ಎಷ್ಟ್ ದಿನ ಹಿಂಗ ಸಿಟ್ಟು? ನಾ ನಿಮ್ಮಪ್ಪ ಅದೀನಿ."

ಅವಳು ಆಗ ತಿರುಗಿ ಅವನ ಮುಖ ನೋಡಿದಳು.

"ಅದನ್ನ ಅವತ್ತು ಮೈಕಿನ್ಯಾಗ ಹೇಳಬೇಕಿತ್ತು" ಎಂದಳು.