ಇಲಿಗಳ ಪರ ಗಡಿಗೆಪ್ಪ ಮಾಸ್ತರರು
ರಾಯಚೂರಿನ ನಮ್ಮ ಔಷಧ ಕಾಲೇಜಿನಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಯಬೇಕಾದರೆ ಒಂದು ಸಮಿತಿ ಒಪ್ಪಬೇಕು. ಅದರಲ್ಲಿ ವಿಜ್ಞಾನಿಯಲ್ಲದ ಒಬ್ಬರು ಇರಲೇಬೇಕು. ಆ ಒಬ್ಬರು ಬಾಗಲವಾಡದ ನಿವೃತ್ತ ಕನ್ನಡ ಮಾಸ್ತರ ಗಡಿಗೆಪ್ಪನವರು. ಮಾನ್ವಿ ಬಸ್ಸಿಳಿದವರು ಚಹಾ ಕೂಡ ಮುಟ್ಟದೆ ಇಲಿಗಳ ಕೋಣೆಗೆ ಹೋಗಿ, ಹಾಜರಿ ತೆಗೆದುಕೊಳ್ಳುವವರಂತೆ ಒಂದೊಂದು ಪಂಜರದ ಮುಂದೂ ನಿಲ್ಲುತ್ತಾರೆ. ಹಾಸಿದ ಹೊಟ್ಟು ಒದ್ದೆಯಾಗಿದ್ದರೆ ಪ್ರಿನ್ಸಿಪಾಲರಿಗೂ ಬೈಗುಳ ತಪ್ಪದು. ಸಭೆಯಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಶುರುಮಾಡಿದರೆ, "ಇಲಿಗಿ ಏನ್ ಮಾಡಾಕತ್ತೀರಿ ಅಂತ ಕನ್ನಡದಾಗ ಹೇಳಾಕ ನಾಚಿಕಿ ಬಂದ್ರ, ಮಾಡಬ್ಯಾಡ್ರಿ" ಎನ್ನುತ್ತಾರೆ. ಅರವತ್ತು ಇಲಿ ಕೇಳಿದವರು ನಲವತ್ತಕ್ಕೆ ಇಳಿಯದೆ ಹೊರಬಂದದ್ದೇ ಇಲ್ಲ. ಕಳೆದ ತಿಂಗಳು ಸಂಶೋಧಕಿ ಐಶ್ವರ್ಯ ಪಾರ್ಕಿನ್ಸನ್ ರೋಗದ ಹೊಸ ಮದ್ದೊಂದನ್ನು ಇಲಿಗಳ ಮೇಲೆ ಪರೀಕ್ಷಿಸಲು ಅನುಮತಿ ಕೇಳಿದಳು. ಮನುಷ್ಯರಲ್ಲಿ ಆ ರೋಗ ತರುವ ಜೀನನ್ನು ಸೇರಿಸಿ ಹುಟ್ಟಿಸಿದ ಇಲಿಗಳವು. ಬೆಳೆದಂತೆ ನಡುಗುತ್ತವೆ, ಎಡವುತ್ತವೆ ಎಂದು ಕನ್ನಡದಲ್ಲೇ ವಿವರಿಸಿದಳು. ಮಾಸ್ತರರು ಒಂದೂ ಪ್ರಶ್ನೆ ಕೇಳದೆ, ಜೇಬಿನಲ್ಲಿದ್ದ ಬಲಗೈಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ನಡುಗುತ್ತಿತ್ತು. "ನನಗ ಈ ರೋಗ ಬಂದು ವರ್ಷಾತು ನೋಡವ್ವಾ. ನಿನ್ನ ಮದ್ದು ಲಗೂನ ಬರ್ಲಿ ಅಂತ ಆಸಿ ಅದ. ಆಸಿ ಇದ್ದಾಂವ ಇಲಿ ಪರ ಹೆಂಗ ಮಾತಾಡ್ಲಿ? ಈ ಸಲ ಬ್ಯಾರೆ ಯಾರನ್ನರ ಕರೀರಿ" ಎಂದು ಎದ್ದುಹೋದರು. ಅನುಮತಿ ಸಿಕ್ಕಿತೋ ಇಲ್ಲವೋ ಎಂದು ಇಂದಿಗೂ ಅವರು ಕೇಳಿಲ್ಲ.